ಯುದ್ಧಕಾಲದ ವ್ಯಂಗ್ಯನಕ್ಷೆಯ ಜಿಗ್‌ಸಾ: ಅಂಚು ಕೊನೆಗಿರಲಿ

ಜಿಗ್‌ಸಾ ಪಜಲ್ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: ಮೊದಲು ಅಂಚು ಕಟ್ಟಿ, ಆಮೇಲೆ ಒಳಗೆ ಬನ್ನಿ. ದೇಶಗಳನ್ನು ಪ್ರಾಣಿಯೋ ಮನುಷ್ಯರೋ ಆಗಿ ಬರೆದು ಅಣಕಿಸುವ ಹಳೆಯ ಯುದ್ಧಕಾಲದ ವ್ಯಂಗ್ಯನಕ್ಷೆಗಳಿಗೆ ಈ ಮಾತು ಒಗ್ಗುವುದಿಲ್ಲ. ಬ್ರಿಟನ್ನಿನ ಚಿತ್ರಕಾರ ಫ್ರೆಡ್ ರೋಸ್ 1877ರಲ್ಲಿ ರಷ್ಯಾವನ್ನು ಆಕ್ಟೋಪಸ್ ಮಾಡಿ ಬರೆದ ಯುರೋಪ್ ಆಗಲಿ, 1914ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ದೇಶಗಳು ನಾಯಿಗಳಾಗಿ ಕಚ್ಚಾಡುವ ‘ಹಾರ್ಕ್! ಹಾರ್ಕ್! ದ ಡಾಗ್ಸ್ ಡೂ ಬಾರ್ಕ್!’ ಆಗಲಿ, ಮರುಮುದ್ರಣದಲ್ಲಿ ಸುತ್ತಲಿನ ಖಾಲಿ ಕಾಗದವನ್ನೂ ಉಳಿಸಿಕೊಂಡಿದ್ದರೆ ಅಂಚಿನ ಪೀಸುಗಳೆಲ್ಲ ಒಂದೇ ಮಾಸಲು ಬಣ್ಣ.

ಸಾವಿರ ಪೀಸಿನ ಪಜಲ್ ಸಾಮಾನ್ಯವಾಗಿ 40 × 25 ಸಾಲಿನದು, ಇಲ್ಲವೇ 38 × 27ರದು (ಆಗ ಲೆಕ್ಕಕ್ಕೆ 1,026 ಪೀಸು). ಎರಡರಲ್ಲೂ ಅಂಚಿನ ಪೀಸು 126. ಕತ್ತರಿಸುವ ಅಚ್ಚಿನಲ್ಲಿ ಹೆಚ್ಚುಕಡಿಮೆ ಒಂದೇ ಆಕಾರ ಮತ್ತೆ ಮತ್ತೆ ಬರುವುದರಿಂದ, ತಪ್ಪು ಪೀಸೂ ಸಲೀಸಾಗಿ ಕೂತುಬಿಡುತ್ತದೆ. ಚಿತ್ರವಿಲ್ಲದ ಕಡೆ ಅದನ್ನು ಹಿಡಿಯಲು ಗುರುತೇ ಇರುವುದಿಲ್ಲ. ಒಂದು ಪೀಸು ತಪ್ಪಿದರೆ ಚೌಕಟ್ಟು ಒಂದು ಸಾಲು ಉದ್ದವೋ ಗಿಡ್ಡವೋ ಆಗಿ, ಒಳಗಿನದು ಯಾವುದೂ ಕೂಡುವುದಿಲ್ಲ. ಅನುಮಾನ ಬಂದ ಜೋಡಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಬಿಚ್ಚಿ. ತಿರುಗಿಸಿ ಹಿಂಬದಿಯನ್ನೂ ಬೆರಳಿಂದ ಸವರಿ, ಮೆಟ್ಟಿಲು ತಾಗಬಾರದು.

ಹಾಗಾದರೆ ಶುರು ಎಲ್ಲಿಂದ? ಅಕ್ಷರಗಳಿಂದ. ಈ ನಕ್ಷೆಗಳಲ್ಲಿ ದೇಶದ ಹೆಸರು, ಶೀರ್ಷಿಕೆ, ಕೆಳಗಿನ ಟಿಪ್ಪಣಿ ಎಲ್ಲ ಇರುತ್ತವೆ. ಒಂದು ಅಕ್ಷರದ ಕಾಲು ಕಂಡರೂ ಪೀಸಿನ ತಲೆ ಯಾವುದು, ಬುಡ ಯಾವುದು ಗೊತ್ತಾಗುತ್ತದೆ. ಕೊಳ್ಳುವಾಗಲೇ ಡಬ್ಬದ ಚಿತ್ರದಲ್ಲಿ ಸಣ್ಣ ಅಕ್ಷರ ಓದಲು ಬರುತ್ತದೆಯೇ ನೋಡಿ. ಮಸುಕಾದ ಸ್ಕ್ಯಾನಿನಿಂದ ಅಚ್ಚು ಹಾಕಿದ್ದರೆ ಆ ಪಜಲ್ ಬೇಡವೇ ಬೇಡ, ಅರ್ಧ ಸುಳಿವು ಅಲ್ಲೇ ಹೋಯಿತು.

ಆಮೇಲೆ ಮುಖಗಳು ಮತ್ತು ಕಪ್ಪು ಗೆರೆಗಳು. ರೋಸ್ ನಕ್ಷೆಯಲ್ಲಿ ಆಕ್ಟೋಪಸ್ಸನ್ನೇ ಮೊದಲು ಕಟ್ಟುವುದು ಲೇಸು. ಅದರ ತೋಳುಗಳು ಪೋಲೆಂಡು, ಟರ್ಕಿ, ಪರ್ಷಿಯಾದತ್ತ ಚಾಚಿಕೊಂಡಿವೆ, ಹಾಗಾಗಿ ದೂರದೂರದ ಭಾಗಗಳನ್ನು ಅವೇ ಜೋಡಿಸಿಕೊಡುತ್ತವೆ. ತೋಳು ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಪೀಸಿನ ಮೇಲೆ ಎಷ್ಟು ಅಗಲ ಬಂದಿದೆ ನೋಡಿದರೆ ಸರದಿ ತಿಳಿಯುತ್ತದೆ. ಕ್ರಿಮಿಯಾ ಕಡೆಯ ತೋಳು ಗಾಯಗೊಂಡಿದೆ, ಅದು ರಷ್ಯಾ ಸೋತ 1853–56ರ ಕ್ರಿಮಿಯಾ ಯುದ್ಧದ ಪೆಟ್ಟು. ಇಂಥದ್ದು ಗೊತ್ತಿದ್ದರೆ ಹುಡುಕುವ ಕೆಲಸ ಅರ್ಧ ಕಡಿಮೆ. 1914ರ ನಕ್ಷೆಯಲ್ಲಿ ರಷ್ಯಾ ನಾಯಿಯಲ್ಲ, ಝಾರ್ ದೊರೆ ನಡೆಸುವ ರಸ್ತೆ ರೋಲರ್. ಬ್ರಿಟನ್ ಬುಲ್‌ಡಾಗ್, ಜರ್ಮನಿ ಡ್ಯಾಶ್‌ಹುಂಡ್, ಫ್ರಾನ್ಸ್ ಪೂಡಲ್. ಕೆಳಗೆ ಬಲಕ್ಕೆ ಟರ್ಕಿ. ಇದೇ ಟರ್ಕಿಯ ಸೈನ್ಯದ ಎದುರು 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಕುದುರೆ ಓಡಿಸಿದ್ದು. ಆ ಮೂಲೆಯನ್ನು ಅವಸರವಿಲ್ಲದೆ ಜೋಡಿಸಬೇಕು ಅನ್ನಿಸುತ್ತದೆ.

ಸಮುದ್ರಕ್ಕೆ ಬಣ್ಣ ನೆಚ್ಚಬೇಡಿ, ಆಕಾರ ನೆಚ್ಚಿ. ಪಕ್ಕದ ಪೀಸಿನ ಗುಳಿಯಲ್ಲಿ ಕೂರುವ ಉಬ್ಬುಗಳ ಲೆಕ್ಕದಲ್ಲಿ ಒಳಗಿನ ಪೀಸು ಆರೇ ಬಗೆ: ಉಬ್ಬೇ ಇಲ್ಲದ್ದು, ಒಂದಿರುವುದು, ಎದುರುಬದುರು ಎರಡು, ಅಕ್ಕಪಕ್ಕ ಎರಡು, ಮೂರು, ನಾಲ್ಕು. ಮಿಠಾಯಿ ಡಬ್ಬದ ಮುಚ್ಚಳಗಳಲ್ಲಿ ಬೇರೆ ಬೇರೆ ಹಾಕಿಕೊಳ್ಳಿ. ಹಳದಿ ಬಲ್ಬಿನ ಕೆಳಗೆ ಮಾಸಲು ಬಿಳಿಯೂ ತಿಳಿ ಗುಲಾಬಿಯೂ ಒಂದೇ ಆಗಿ ಕಾಣುತ್ತವೆ. ಬೆಳಗಿನ ಹೊತ್ತು, ಕಿಟಕಿ ಪಕ್ಕದಲ್ಲಿ ಕೂರುವುದು ಒಳ್ಳೆಯದು.

ಹಲಗೆಗೆ 3 × 2 ಅಡಿಯ 6 ಎಂಎಂ ಪ್ಲೈವುಡ್ ಸಾಕು. ತುಮಕೂರಿನಲ್ಲಾದರೆ ಮಂಡಿಪೇಟೆ ಕಡೆ ವಿಚಾರಿಸಿ, ಕತ್ತರಿಸಿ ಉಳಿದ ತುಂಡು ಸಿಕ್ಕರೆ ಅಗ್ಗ. ಪಜಲ್ ಸುಮಾರು 27 × 19 ಇಂಚು ಬರುತ್ತದೆ, ಸುತ್ತಲೂ ಪೀಸು ಹರಡಲು ಜಾಗ ಉಳಿಯುತ್ತದೆ. 4 ಎಂಎಂ ತರಬೇಡಿ, ಎತ್ತುವಾಗ ಬಾಗಿ ನಡುವೆ ಬಿಚ್ಚಿಕೊಳ್ಳುತ್ತದೆ. ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಸಂದಿಗೆ ಸೇರಿದರೆ ಪೀಸು ಬಿಗಿಯಾಗಿ ಕೂರದು, ಮಾಸಲು ಅಂಚಿಗೆ ಕೆಂಪೂ ಹತ್ತುತ್ತದೆ. ಆಷಾಢದ ಗಾಳಿಗಂತೂ ಕಿಟಕಿ ತೆರೆದಿಟ್ಟು ಹೋಗಬೇಡಿ. ಎದ್ದಾಗಲೆಲ್ಲ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ.

ಗೋಡೆಗೆ ಹಾಕಬೇಕೆಂದರೆ ಫೆವಿಕಾಲಿಗೆ ನೀರು ಬೆರೆಸಿ ಮುಂದುಗಡೆ ಬಳಿಯಬೇಡಿ. ನೀರು ಸಂದಿಗೆ ಇಳಿದು ರಟ್ಟು ಉಬ್ಬುತ್ತದೆ, ಒಣಗಿದ ಮೇಲೆ ಬ್ರಷ್ಷಿನ ಗೆರೆ ಹೊಳೆಯುತ್ತದೆ. ಮೇಲೊಂದು ಪ್ಲೈವುಡ್ ಇಟ್ಟು, ಎರಡನ್ನೂ ಕ್ಲಿಪ್ಪಿನಿಂದ ಬಿಗಿದು, ಇಬ್ಬರು ಹಿಡಿದು ಮಗುಚಿ. ಹಿಂಬದಿಗೆ ನೀರು ಸೇರಿಸದ ಫೆವಿಕಾಲನ್ನು ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ತೆಳ್ಳಗೆ ಎಳೆದು ಬ್ರೌನ್ ಪೇಪರ್ ಅಂಟಿಸಿ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮತ್ತೆ ಪ್ಲೈವುಡ್, ದಪ್ಪ ಪುಸ್ತಕಗಳ ಭಾರ. ಒಂದು ರಾತ್ರಿ ಬಿಡಿ, ಮಳೆಗಾಲದಲ್ಲಿ ಎರಡು. ಫ್ರೇಮನ್ನು ತೇವ ಬರುವ ಗೋಡೆಗೆ ಹಾಕಬೇಡಿ. ರಟ್ಟು, ಕಾಗದ, ಮರ ಮೂರೂ ಒಂದೇ ಕಡೆ ಸಿಕ್ಕರೆ ಗೆದ್ದಲು ಬಿಡುವುದಿಲ್ಲ.