ಹತ್ತು ಸೆನ್ಸರ್ ಕೂರಿಸಿ ಅಂತ ಬರೆದದ್ದು ನಾನೇ

"ಹತ್ತು ಸಿಎನ್‌ಸಿ ಯಂತ್ರಗಳಿಗೆ ಸೆನ್ಸರ್ ಅಳವಡಿಸಿ ಡ್ಯಾಶ್‌ಬೋರ್ಡ್ ಚಾಲೂ ಆದ ಮೇಲೆ ಎರಡನೇ ಕಂತು." ಸಿಎನ್‌ಸಿ ಎಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ; ಡ್ಯಾಶ್‌ಬೋರ್ಡ್ ಎಂದರೆ ಸೆನ್ಸರ್ ಹೇಳಿದ್ದನ್ನು ತೋರಿಸುವ ಪರದೆ. ಒಂದು ಸ್ಟಾರ್ಟ್‌ಅಪ್‌ನ ಕಡತದಲ್ಲಿ ಈ ಸಾಲು ಬರೆದವಳು ನಾನು. ಬರೆದಾಗ ಸರಿಯಾಗಿಯೇ ಕಂಡಿತ್ತು.

ಹೊಸ ಕಂಪನಿಗಳಿಗೆ ಆರಂಭದಲ್ಲಿ ನೆರವಾಗುವ, ಬೆಂಗಳೂರಿನ ಒಂದು ಇನ್‌ಕ್ಯುಬೇಷನ್ ಕೇಂದ್ರದಲ್ಲಿ ಅನುದಾನದ ಕಡತಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಒಟ್ಟು 945 ಕೋಟಿ ರೂಪಾಯಿಯ ಯೋಜನೆ. ಹಣ ನಮ್ಮಂಥ ಕೇಂದ್ರಗಳ ಮೂಲಕ ಹೋಗುತ್ತದೆ. ಮಾದರಿ ಮಾಡಿ ಪರೀಕ್ಷಿಸಲು 20 ಲಕ್ಷದವರೆಗೆ ಅನುದಾನ. ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲ ಅಥವಾ ಪರಿವರ್ತನೀಯ ಡಿಬೆಂಚರ್ (ಮುಂದೆ ಷೇರಾಗಿ ಬದಲಾಗಬಲ್ಲ ಸಾಲಪತ್ರ). ಅನುದಾನ ಬರುವುದು ಕಂತಿನಲ್ಲಿ. ಏನು ಮುಗಿದರೆ ಮುಂದಿನ ಕಂತು ಎಂಬ ಕಾಲಂ ಇದೆಯಲ್ಲ, ಅದು ಇಡೀ ಕಡತದಲ್ಲಿ ಅತಿ ಚಿಕ್ಕದು. ಆದರೆ ಮುಂದಿನ ಆರು ತಿಂಗಳು ಸ್ಟಾರ್ಟ್‌ಅಪ್‌ನ ಹುಡುಗರು ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂದು ತೀರ್ಮಾನಿಸುವುದು ಅದೇ.

ಸೆನ್ಸರ್ ಮಾಡಿದ್ದವರು ಇಬ್ಬರು ಎಂಜಿನಿಯರ್‌ಗಳು. ಕೇಬಲ್‌ಗೆ ಕ್ಲಾಂಪ್ ಹಾಕಿದರೆ ಎಳೆಯುವ ಕರೆಂಟ್ ನೋಡಿ ಯಂತ್ರ ಕಟಿಂಗ್‌ನಲ್ಲಿದೆಯೋ ಸುಮ್ಮನೆ ನಿಂತಿದೆಯೋ ಹೇಳುತ್ತದೆ. ಹಳೆಯ ಯಂತ್ರಕ್ಕೂ ಆಗುತ್ತದೆ. ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಿಗೆ ಇಂಥದ್ದು ಬೇಕೇ ಬೇಕು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಅವರು ನಾಲ್ಕು ತಿಂಗಳಲ್ಲಿ ಅಲ್ಲಿನ ಒಂದು ವರ್ಕ್‌ಶಾಪ್‌ನಲ್ಲಿ ಹತ್ತೂ ಸೆನ್ಸರ್ ಕೂರಿಸಿದರು. ನಾನು ಹೋಗಿ ಎಣಿಸಿ, ಫೋಟೊ ತೆಗೆದು, ಟಿಕ್ ಹಾಕಿ ಬಂದೆ. ಕಂತು ಬಿಡುಗಡೆಯಾಯಿತು.

ಮೂರು ತಿಂಗಳ ನಂತರ ಅದೇ ವರ್ಕ್‌ಶಾಪ್‌ಗೆ ಮತ್ತೆ ಹೋದಾಗ ಡ್ಯಾಶ್‌ಬೋರ್ಡ್‌ನ ಪರದೆ ಆಫ್ ಆಗಿತ್ತು. ಲೇತ್ ಮುಂದೆ ನಿಂತಿದ್ದ ಗದಗ ಕಡೆಯ ಆಪರೇಟರ್ ಒಬ್ಬರನ್ನು ಮಾತಾಡಿಸಿದೆ. "ಮಷಿನ್ ನಿಂತೈತಿ ಅನ್ನೋದು ನನಗ್ ಗೊತ್ತೈತ್ರಿ ಮೇಡಂ, ಎದುರಿಗೇ ನಿಂತಿರ್ತೀನಲ್ರಿ. ಯಾಕ್ ನಿಂತೈತಿ ಅಂತ ಯಾರೂ ಕೇಳಂಗಿಲ್ಲ," ಅಂದರು.

ನಾನೂ ಕೇಳಿರಲಿಲ್ಲ. ನನ್ನ ಕಾಲಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಉತ್ಪಾದಕತೆ ಲೆಕ್ಕ ಹಾಕುವವರು ಮೂರನ್ನು ಗುಣಿಸುತ್ತಾರೆ: ಯಂತ್ರ ಎಷ್ಟು ಹೊತ್ತು ಓಡಿತು, ಎಷ್ಟು ವೇಗದಲ್ಲಿ ಓಡಿತು, ಬಂದ ಪೀಸ್‌ಗಳಲ್ಲಿ ಎಷ್ಟು ಸರಿಯಾಗಿದ್ದವು. ಶೇ 80, ಶೇ 90, ಶೇ 95 ಎಂದರೆ ಬಿಡಿಬಿಡಿಯಾಗಿ ಚೆನ್ನಾಗಿಯೇ ಕಾಣುತ್ತವೆ. ಗುಣಿಸಿದರೆ ಸಿಗುವುದು ಶೇ 68 ಚಿಲ್ಲರೆ. ನಮ್ಮ ಸೆನ್ಸರ್ ತೋರಿಸುತ್ತಿದ್ದುದು ಮೊದಲನೆಯದನ್ನು ಮಾತ್ರ, ಅದೂ ಕಾರಣ ಹೇಳದೆ.

ಯಂತ್ರ ಯಾಕೆ ನಿಲ್ಲುತ್ತದೆ ಎಂಬುದೂ ಸೇರುವಂತೆ ಮೂರನೇ ಕಂತಿನ ಷರತ್ತನ್ನು ತಿದ್ದಲು ಅನುದಾನ ಸಮಿತಿಯನ್ನು ಕೇಳಿಕೊಂಡೆ. ಒಪ್ಪಿದರು. ಎಂಜಿನಿಯರ್‌ಗಳಿಬ್ಬರೂ ವಾಚ್ ಹಿಡಿದು ಮೂರು ಶಿಫ್ಟ್ ಆಪರೇಟರ್‌ಗಳ ಪಕ್ಕ ನಿಂತರು. ಒಂದು ಶಿಫ್ಟ್‌ಗೆ ನಾನೂ ನಿಂತೆ. ಬ್ರೇಕ್‌ಡೌನ್ ಇರಲೇ ಇಲ್ಲ. ಜಾಬ್, ಅಂದರೆ ಮಾಡಬೇಕಾದ ಭಾಗ, ಬದಲಾದಾಗಲೆಲ್ಲ ಸೆಟ್ಟಿಂಗ್ ಮುಗಿಸಿ ಮೊದಲ ಪೀಸ್ ತೆಗೆದು ಇನ್‌ಸ್ಪೆಕ್ಷನ್ ರೂಮಿಗೆ ಕಳಿಸಿ ಕಾಯುತ್ತಿದ್ದರು. ಇನ್‌ಸ್ಪೆಕ್ಟರ್ ಒಬ್ಬರೇ, ಎರಡು ಶೆಡ್‌ಗೆ. ಓಕೆ ಬರುವ ತನಕ ಯಂತ್ರ ಖಾಲಿ. ಒಮ್ಮೆ ನನ್ನ ಕಣ್ಣೆದುರೇ 40 ನಿಮಿಷ ಹೋಯಿತು.

ಆಮೇಲೆ ಎಂಜಿನಿಯರ್‌ಗಳು ಸೆನ್ಸರ್ ಪೆಟ್ಟಿಗೆಗೆ ನಾಲ್ಕು ಬಟನ್ ಸೇರಿಸಿದರು: ಸೆಟ್ಟಿಂಗ್, ಟೂಲ್, ಮೆಟೀರಿಯಲ್, ಇನ್‌ಸ್ಪೆಕ್ಷನ್. ಯಂತ್ರ ನಿಂತರೆ ಆಪರೇಟರ್ ಒಂದನ್ನು ಒತ್ತುತ್ತಾರೆ, ಅಷ್ಟೇ. ಎರಡು ವಾರದ ಲೆಕ್ಕ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಮಾಲೀಕರ ಮೇಜಿಗೆ ಹೋಯಿತು. ಮಾಲೀಕರು ಯಂತ್ರಗಳ ನಡುವೆಯೇ ಮೇಜು ಹಾಕಿಸಿ, ಅಳತೆ ನೋಡುವ ಮೈಕ್ರೋಮೀಟರ್ ಮತ್ತು ಪ್ಲಗ್ ಗೇಜ್ ಇಟ್ಟು, ಹಿರಿಯ ಆಪರೇಟರ್‌ಗಳಿಗೆ ಮೊದಲ ಪೀಸ್ ಪಾಸ್ ಮಾಡುವ ಅಧಿಕಾರ ಕೊಟ್ಟರು. ಮೇಜಿಗೆ ಸರ್ಕಾರದ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಆದರೆ ಮೇಜು ಎಲ್ಲಿರಬೇಕು ಎಂದು ತಿಳಿದದ್ದು ಅನುದಾನದ ಹಣದಲ್ಲಿ ಮಾಡಿದ ಪೆಟ್ಟಿಗೆಯಿಂದ.

ಇನ್ನೊಂದು ವಿಷಯ ಹೇಳಲೇಬೇಕು. ಕಾರ್ಖಾನೆಯ ಇಂಥ ಪೋಲು ತಡೆಯಲು ಸಣ್ಣ ಮತ್ತು ಮಧ್ಯಮ ಉದ್ಯಮಗಳ ಎಂಎಸ್‌ಎಂಇ ಸಚಿವಾಲಯದ ಲೀನ್ ಯೋಜನೆ ಬೇರೆಯೇ ಇದೆ. 2023ರಲ್ಲಿ ಹೊಸದಾಗಿ ಬಂದ ರೂಪದಲ್ಲಿ ಸಲಹೆಗಾರರ ನೆರವಿನ ವೆಚ್ಚದ ಶೇ 90ರಷ್ಟನ್ನು ಸರ್ಕಾರವೇ ಭರಿಸುತ್ತದೆ. ನಮ್ಮ ಸ್ಟಾರ್ಟ್‌ಅಪ್‌ಗೆ ಕಾರ್ಖಾನೆ ಬೇಕಿತ್ತು, ಆ ಕಾರ್ಖಾನೆಗೆ ಲೀನ್ ಬೇಕಿತ್ತು. ಎರಡೂ ಬೇರೆ ಬೇರೆ ಕಡತಗಳಲ್ಲಿ ಕೂತಿದ್ದವು. ಈಗ ಯಾವ ವರ್ಕ್‌ಶಾಪ್‌ನಲ್ಲಿ ಪ್ರಯೋಗ ನಡೆದರೂ ಅಲ್ಲಿನ ಮಾಲೀಕರಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದೆಯೇ, ಲೀನ್‌ಗೆ ಸೇರುತ್ತಾರೆಯೇ ಎಂದು ಮೊದಲ ದಿನವೇ ಕೇಳುತ್ತೇನೆ.

ಈ ವಾರ ನನ್ನ ಮೇಜಿನ ಮೇಲಿರುವುದು ಕ್ಯಾಮೆರಾದಿಂದ ವೆಲ್ಡಿಂಗ್ ದೋಷ ಹಿಡಿಯುವವರ ಅರ್ಜಿ. ಕಂತಿನ ಕಾಲಂ ಇನ್ನೂ ಖಾಲಿ ಇದೆ. ಗುರುವಾರ ಎರಡನೇ ಶಿಫ್ಟ್‌ಗೆ ಅವರ ಜೊತೆ ದಾಬಸ್‌ಪೇಟೆಯ ಕಾರ್ಖಾನೆಗೆ ಹೋಗಿ, ವೆಲ್ಡರ್‌ಗಳ ಹತ್ತಿರ ಮಾತಾಡಿ ಬಂದ ಮೇಲೆ ತುಂಬುತ್ತೇನೆ.