ಯುದ್ಧದ ಇಂಗ್ಲಿಷಿಗೆ ಪದಪಟ್ಟಿ ಕೇಳುವವರಿಗೆ

ವಿದೇಶಿ ಸುದ್ದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು. ಹಾಗಾಗಿ ಜಗತ್ತಿನಲ್ಲಿ ಎಲ್ಲೇ ಯುದ್ಧ ಶುರುವಾದರೂ ಪರಿಚಯದವರಿಂದ ಒಂದೇ ಪ್ರಶ್ನೆ ಬರುತ್ತದೆ: ‘ಇಂಗ್ಲಿಷ್‌ನಲ್ಲಿ ಈ ಸುದ್ದಿ ಓದಿದರೆ ಅರ್ಧ ತಲೆಗೆ ಹೋಗಲ್ಲ, ಮಾತಾಡೋಕೆ ಹೋದರೆ ಪದ ಸಿಗಲ್ಲ. ಒಂದು ನೂರು ಪದದ ಪಟ್ಟಿ ಮಾಡಿಕೊಡ್ತೀರಾ?’ ಪರೀಕ್ಷೆಗೆ ಓದುವ ಹುಡುಗರೂ ಕೇಳುತ್ತಾರೆ, ಕೆಲಸದಿಂದ ನಿವೃತ್ತರಾದವರೂ ಕೇಳುತ್ತಾರೆ.

ನಾನು ಪಟ್ಟಿ ಕೊಡುವುದಿಲ್ಲ. ಪಟ್ಟಿ ಮಾಡಲು ಕೂತರೆ ಮೊದಲು ಬಂದು ಸೇರುವುದು ಆಯುಧಗಳ ಹೆಸರು, ಅವು ಯಾರಿಗೂ ಕಷ್ಟವಲ್ಲ. ಟ್ಯಾಂಕ್, ಡ್ರೋನ್, ಬಂಕರ್ ಎಲ್ಲ ಆಗಲೇ ಕನ್ನಡದ ಪದಗಳಾಗಿಬಿಟ್ಟಿವೆ. ಗೊತ್ತಿಲ್ಲದ ಪದ ಎದುರಾದರೆ ನಿಘಂಟು ತೆಗೆದು ನೋಡುತ್ತೇವೆ. ಕೈಕೊಡುವುದು ಗೊತ್ತಿದೆ ಎಂದುಕೊಂಡು ದಾಟಿಹೋದ ಪದ.

‘ಸ್ಯಾಂಕ್ಷನ್’ ನೋಡಿ. ಸಾಲ ಸ್ಯಾಂಕ್ಷನ್ ಆಯಿತು, ರಜೆ ಸ್ಯಾಂಕ್ಷನ್ ಆಯಿತು ಎನ್ನುತ್ತೇವೆ. ನಮ್ಮ ಬಾಯಲ್ಲಿ ಅದು ಮಂಜೂರಾತಿ. ಇಥಿಯೋಪಿಯಾದ ಮೇಲೆ ದಾಳಿ ಮಾಡಿದ ಇಟಲಿಗೆ 1935ರಲ್ಲಿ ರಾಷ್ಟ್ರಸಂಘ (ವಿಶ್ವಸಂಸ್ಥೆಗೂ ಮೊದಲಿದ್ದ ‘ಲೀಗ್ ಆಫ್ ನೇಷನ್ಸ್’) ಹೇರಿದ್ದೂ ಸ್ಯಾಂಕ್ಷನ್ನೇ, ಆದರೆ ಅದು ಆರ್ಥಿಕ ನಿರ್ಬಂಧ. ಒಂದೇ ಪದಕ್ಕೆ ಒಪ್ಪಿಗೆ, ಶಿಕ್ಷೆ ಎಂಬ ಎರಡು ಮುಖ. ‘ಎಂಗೇಜ್‌ಮೆಂಟ್’ ಎಂದರೆ ನಮಗೆ ನೆನಪಾಗುವುದು ಉಂಗುರ. ಸೈನಿಕನಿಗೆ ಅದು ಶತ್ರುವಿನೊಡನೆ ನಡೆಯುವ ಕಾದಾಟ, ‘ರೂಲ್ಸ್ ಆಫ್ ಎಂಗೇಜ್‌ಮೆಂಟ್’ ಅಂದರೆ ಯಾವಾಗ ಗುಂಡು ಹಾರಿಸಬಹುದು, ಯಾವಾಗ ಕೂಡದು ಎಂಬ ಕಟ್ಟಳೆ. ‘ಥಿಯೇಟರ್’ ಕಂಡು ಮಾತ್ರ ಗಾಬರಿಯಾಗಬೇಕಿಲ್ಲ. ರಂಗ ಎಂಬ ಪದಕ್ಕೆ ರಣವನ್ನು ಸೇರಿಸಿ ರಣರಂಗ ಮಾಡಿಕೊಂಡವರು ನಾವು. ‘ಥಿಯೇಟರ್ ಆಫ್ ವಾರ್’ ಎಂದರೆ ಹೆಚ್ಚುಕಡಿಮೆ ಅದೇ, ಹರವು ಮಾತ್ರ ಬಹಳ ದೊಡ್ಡದು. ಇಡೀ ಪೆಸಿಫಿಕ್ ಸಾಗರವೂ ಒಂದು ಥಿಯೇಟರ್ ಆಗಬಲ್ಲದು.

ಇವೆಲ್ಲಕ್ಕಿಂತ ಹೆಚ್ಚು ಜನ ಮುಗ್ಗರಿಸುವುದು ‘ಕ್ಯಾಶುಯಾಲ್ಟಿ’ಯಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಮುಗ್ಗರಿಸಿದ್ದೇನೆ. ಸುದ್ದಿಯಲ್ಲಿದ್ದ ಕ್ಯಾಶುಯಾಲ್ಟಿ ಸಂಖ್ಯೆಯನ್ನು ಹಾಗೇ ಎತ್ತಿ ‘ಇಷ್ಟು ಮಂದಿ ಬಲಿ’ ಎಂದು ಬರೆದಿದ್ದೆ. ಅಚ್ಚಿಗೆ ಹೋಗುವ ಮೊದಲು ಹಿರಿಯರೊಬ್ಬರು ತಡೆದು ಕೇಳಿದರು: ‘ಅಲ್ಲಯ್ಯಾ, ಆಸ್ಪತ್ರೆಯ ಕ್ಯಾಶುಯಾಲ್ಟಿಗೆ ಹೆಣ ಒಯ್ಯುತ್ತಾರೋ, ಉಸಿರಾಡುವವರನ್ನೋ?’ ಸತ್ತವರು, ಗಾಯಗೊಂಡವರು, ನಾಪತ್ತೆಯಾದವರು, ಸೆರೆಸಿಕ್ಕವರು ಎಲ್ಲರೂ ಆ ಲೆಕ್ಕದಲ್ಲಿ ಬರುತ್ತಾರೆ. 1916ರ ಜುಲೈ 1ರಂದು, ಮೊದಲ ಮಹಾಯುದ್ಧದ ಸೊಮ್ ಕದನದ ಮೊದಲ ದಿನ, ಬ್ರಿಟಿಷ್ ಸೇನೆಯ ಕ್ಯಾಶುಯಾಲ್ಟಿ 57,470. ಅವರಲ್ಲಿ ಸತ್ತವರು 19,240. ನನ್ನ ಹಾಗೆ ಅನುವಾದಿಸಿದರೆ ಒಂದೇ ದಿನದಲ್ಲಿ ಮೂವತ್ತೆಂಟು ಸಾವಿರ ಜನರನ್ನು ಬರೀ ಲೇಖನಿಯಲ್ಲಿ ಕೊಂದಂತಾಗುತ್ತದೆ. ವಿಚಿತ್ರವೆಂದರೆ ಕನ್ನಡದಲ್ಲಿ ‘ಸಾವುನೋವು’ ಎಂಬ ಪದ ಇದ್ದೇ ಇದೆ, ಕ್ಯಾಶುಯಾಲ್ಟಿಗೆ ಅಷ್ಟು ಹತ್ತಿರದ ಪದ ಇನ್ನೊಂದಿಲ್ಲ. ಆದರೂ ತಲೆಬರಹಕ್ಕೆ ಕೂತಾಗ ಕೈ ‘ಬಲಿ’ಯತ್ತಲೇ ಓಡುತ್ತದೆ.

ಇನ್ನು ಕನ್ನಡದ ಒಂದೇ ಪದ ಇಂಗ್ಲಿಷಿನ ಮೂರ್ನಾಲ್ಕನ್ನು ನುಂಗಿಹಾಕುವುದುಂಟು. ಸೀಸ್‌ಫೈರ್, ಟ್ರೂಸ್, ಆರ್ಮಿಸ್ಟಿಸ್ ಮೂರಕ್ಕೂ ನಾವು ಕದನವಿರಾಮ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಗುಂಡಿನ ಸದ್ದು ನಿಂತರೆ ಅದು ಸೀಸ್‌ಫೈರ್. ಕೆಲವೇ ಗಂಟೆಗಳದ್ದೂ ಆಗಬಹುದು. ಟ್ರೂಸ್ ಎಂಬುದಕ್ಕೆ ಇನ್ನೂ ಸಡಿಲ ಬಳಕೆ. 1914ರ ಕ್ರಿಸ್‌ಮಸ್ ಹೊತ್ತಿಗೆ ಪಶ್ಚಿಮ ರಂಗದ ಹಲವೆಡೆ ಸೈನಿಕರು ಮೇಲಿನವರನ್ನು ಕೇಳದೆ ಕಂದಕದಿಂದೆದ್ದು ಬಂದು ಶತ್ರುಗಳ ಕೈಕುಲುಕಿದ್ದಕ್ಕೂ ಟ್ರೂಸ್ ಎಂದೇ ಹೆಸರು. ಆರ್ಮಿಸ್ಟಿಸ್ ಹಾಗಲ್ಲ. ಅದು ಎರಡೂ ಕಡೆಯವರು ರುಜು ಹಾಕಿದ, ಹೋರಾಟವನ್ನೇ ನಿಲ್ಲಿಸುವ ಒಪ್ಪಂದ. ಆದರೂ ಅದು ಶಾಂತಿ ಒಪ್ಪಂದವಲ್ಲ. ಮೊದಲ ಮಹಾಯುದ್ಧದ ಆರ್ಮಿಸ್ಟಿಸ್ 1918ರ ನವೆಂಬರ್ 11ಕ್ಕೆ ಆಯಿತು, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ಕ್ಕೆ. ಕೊರಿಯಾದಲ್ಲಿ 1953ರ ಜುಲೈ 27ರಂದು ಆರ್ಮಿಸ್ಟಿಸ್ ಆಯಿತು, ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ‘ಎರಡೂ ಕೊರಿಯಾಗಳು ತಾಂತ್ರಿಕವಾಗಿ ಇನ್ನೂ ಯುದ್ಧದಲ್ಲಿವೆ’ ಎಂಬ ವಾಕ್ಯ ಸುದ್ದಿಯಲ್ಲಿ ಮತ್ತೆ ಮತ್ತೆ ಬರುವುದು ಇದಕ್ಕೇ. ಮೂರಕ್ಕೂ ಒಂದೇ ಪದ ಬಳಸುವವನಿಗೆ ಆ ವಾಕ್ಯ ಒಗಟಾಗಿಯೇ ಉಳಿಯುತ್ತದೆ.

ಪದದ ಅರ್ಥ ತಿಳಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಅದನ್ನು ಯಾರು ಆಡಿದರು, ಯಾವ ಪದವನ್ನು ಬದಿಗಿಟ್ಟು ಆಡಿದರು ಎಂದು ನೋಡುವುದು. ನನಗೆ ತುಂಬ ಇಷ್ಟವಾದ ಉದಾಹರಣೆ ‘ಕ್ವಾರಂಟೈನ್’. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಿಗೂ ಬಂದ ಈ ಪದ ಇಟಲಿಯ ಕಡೆಯದು. ಪ್ಲೇಗಿನ ಭಯದಲ್ಲಿ ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದ ರೂಢಿಯಿಂದ ಹುಟ್ಟಿದ್ದು. 1962ರ ಅಕ್ಟೋಬರ್ 22ರಂದು ಅಮೆರಿಕದ ಅಧ್ಯಕ್ಷ ಕೆನಡಿ, ಕ್ಯೂಬಾಕ್ಕೆ ಹೋಗುವ ಸೋವಿಯತ್ ಆಯುಧಗಳನ್ನು ಸಮುದ್ರದಲ್ಲೇ ತಡೆಯುವುದಾಗಿ ಘೋಷಿಸಿದಾಗ ಬಳಸಿದ್ದು ಇದೇ ಪದವನ್ನು. ಯುದ್ಧನೌಕೆಗಳು ನಿಂತು ದಾರಿ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ‘ಬ್ಲಾಕೇಡ್’ ಎಂಬ ನೇರ ಪದವಿತ್ತು. ಆದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಬ್ಲಾಕೇಡ್ ಎಂದರೆ ಯುದ್ಧದ ಕ್ರಮ. ಹಡಗುಗಳು ಅವೇ, ತೋಪುಗಳು ಅವೇ. ಪದ ಮಾತ್ರ ಆಸ್ಪತ್ರೆಯದು.

ಅಮೆರಿಕದ ಇನ್ನೊಬ್ಬ ಅಧ್ಯಕ್ಷ ಟ್ರೂಮನ್ ಕೊರಿಯಾ ಯುದ್ಧವನ್ನು ಯುದ್ಧ ಎನ್ನಲು ಒಪ್ಪಲಿಲ್ಲ. 1950ರ ಜೂನ್‌ನಲ್ಲಿ ಪತ್ರಕರ್ತರೊಬ್ಬರು ಇದನ್ನು ವಿಶ್ವಸಂಸ್ಥೆಯ ಅಡಿಯ ‘ಪೊಲೀಸ್ ಆ್ಯಕ್ಷನ್’ ಎನ್ನಬಹುದೇ ಎಂದಾಗ ಹೌದೆಂದರು. ಆ ಪೊಲೀಸ್ ಕ್ರಮದಲ್ಲಿ 36,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. 2022ರ ಫೆಬ್ರುವರಿ 24ರಂದು ಪುಟಿನ್ ಘೋಷಿಸಿದ್ದು ‘ವಿಶೇಷ ಸೇನಾ ಕಾರ್ಯಾಚರಣೆ’. ಅದೇ ದಿನವನ್ನು ಉಕ್ರೇನಿನವರು ಕರೆಯುವುದು ಆಕ್ರಮಣ ಎಂದು. ಇಂಥ ಕಡೆ ಪದವನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಪದದ ಹಿಂದಿನ ಬಾಯಿಯನ್ನು ನೋಡಬೇಕು.

‘ಎಸ್ಕಲೇಟ್’ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಚಲಿಸುವ ಮೆಟ್ಟಿಲು ಎಸ್ಕಲೇಟರ್ ಮೊದಲು ಬಂತು, ಅದರಿಂದ ಎಸ್ಕಲೇಟ್ ಎಂಬ ಕ್ರಿಯಾಪದ ಆಮೇಲೆ ಹುಟ್ಟಿತು. ಅದು ಯುದ್ಧದ ಮಾತಾದದ್ದು ಶೀತಲ ಸಮರದ ದಿನಗಳಲ್ಲಿ. ಅಮೆರಿಕದ ಹರ್ಮನ್ ಕಾನ್ ಎಂಬ ರಣತಂತ್ರಜ್ಞ 1965ರಲ್ಲಿ ಸಣ್ಣ ಬಿಕ್ಕಟ್ಟಿನಿಂದ ಸರ್ವನಾಶದವರೆಗೆ 44 ಮೆಟ್ಟಿಲುಗಳ ಏಣಿಯನ್ನೇ ಹಾಕಿಕೊಟ್ಟ. ಏಣಿಯನ್ನು ನಾವೇ ಹತ್ತಬೇಕು, ಎಸ್ಕಲೇಟರ್ ಮೇಲೆ ಕಾಲಿಟ್ಟರೆ ಅದೇ ಹತ್ತಿಸುತ್ತದೆ. ಈ ಎರಡರಲ್ಲಿ ಯಾವುದು ಯುದ್ಧಕ್ಕೆ ಹೆಚ್ಚು ಒಪ್ಪುವ ಚಿತ್ರ ಎಂದು ನಾನು ಆಗಾಗ ಯೋಚಿಸುತ್ತೇನೆ.

ಕನ್ನಡದವರಿಗೆ ನಿಜಕ್ಕೂ ಕಷ್ಟ ಕೊಡುವುದು ದೊಡ್ಡ ಪದಗಳಲ್ಲ, ‘ದ’ ಎಂಬ ಆರ್ಟಿಕಲ್. ನಮ್ಮ ಭಾಷೆಯಲ್ಲಿ ಅದರ ಸೊಲ್ಲೇ ಇಲ್ಲ, ಇದ್ದರೆಷ್ಟು ಬಿಟ್ಟರೆಷ್ಟು ಎಂಬ ಭಾವನೆ. ಇಸ್ರೇಲಿಗೂ ಅರಬ್ ದೇಶಗಳಿಗೂ ನಡೆದ 1967ರ ಜೂನ್ ಯುದ್ಧದ ನಂತರ, ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯವನ್ನು ಒಪ್ಪಿತು. ಇತ್ತೀಚಿನ ಸಂಘರ್ಷದಲ್ಲಿ ಆಕ್ರಮಿಸಿಕೊಂಡ ಪ್ರದೇಶಗಳಿಂದ ಇಸ್ರೇಲ್ ಸೇನೆ ಹಿಂದೆ ಸರಿಯಬೇಕು ಎಂದಿತು. ಇಂಗ್ಲಿಷ್ ಪಠ್ಯದಲ್ಲಿ ‘ಟೆರಿಟರೀಸ್’ ಎಂಬುದರ ಹಿಂದೆ ‘ದ’ ಇಲ್ಲ. ಇಲ್ಲದ ಕಾರಣ, ಎಲ್ಲ ಪ್ರದೇಶಗಳಿಂದಲೂ ಸರಿಯಬೇಕೆಂದೇನಿಲ್ಲ ಎಂಬುದು ಇಸ್ರೇಲಿನ ವಾದ. ಫ್ರೆಂಚ್ ಪಠ್ಯವನ್ನು ‘ದ’ ಇರುವಂತೆಯೂ ಓದಬಹುದು, ಆದ್ದರಿಂದ ಪೂರ್ತಿ ಸರಿಯಲೇಬೇಕು ಎಂಬುದು ಅರಬ್ ದೇಶಗಳ ವಾದ. ಅರ್ಧ ಶತಮಾನ ಕಳೆದರೂ ಆ ಜಗಳ ಮುಗಿದಿಲ್ಲ. ನಾನು ಹೇಳಿಕೊಟ್ಟ ಹುಡುಗರಿಗೆ ಆರ್ಟಿಕಲ್ ಪಾಠ ತಲೆಗೆ ಹತ್ತಿದ್ದು ವ್ಯಾಕರಣ ಪುಸ್ತಕದಿಂದಲ್ಲ, ಈ ಕಥೆಯಿಂದ.

ಆದರೆ ಒಂದು ಕಡೆ ಕನ್ನಡ ನಮ್ಮ ಕೈಹಿಡಿಯುತ್ತದೆ. ‘ಊರು ವಶವಾಯಿತಂತೆ’ ಎನ್ನುವಾಗ ಆ ‘ಅಂತೆ’ಯಲ್ಲಿ ನಾನು ನೋಡಿಲ್ಲ, ಕೇಳಿದ್ದು ಎಂಬುದೆಲ್ಲ ಅಡಗಿದೆ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ‘ರಿಪೋರ್ಟೆಡ್ಲಿ’ ಬೇಕು. ‘ಸೇನೆ ಹೇಳಿದೆ’ ಎಂಬುದಕ್ಕೂ ‘ಸೇನೆ ಹೇಳಿಕೊಂಡಿದೆ’ ಎಂಬುದಕ್ಕೂ ನಮಗೆ ಗೊತ್ತಿರುವ ವ್ಯತ್ಯಾಸವೇ ‘ಸೆಡ್’ ಮತ್ತು ‘ಕ್ಲೇಮ್ಡ್’ ನಡುವಿನದು. ಆ ‘ಕೊಂಡು’ವಿನಲ್ಲಿರುವ ಚೂರು ಅನುಮಾನ ‘ಕ್ಲೇಮ್ಡ್’ನಲ್ಲೂ ಇದೆ. ‘ಕನ್ಫರ್ಮ್ಡ್’ ಬಂದರೆ ಅಂತೆಕಂತೆ ಮುಗಿಯಿತು ಎಂದರ್ಥ.

ಅಭ್ಯಾಸಕ್ಕೆ ನಾನು ಹೇಳುವುದು ಇಷ್ಟೇ. ಒಂದು ಘಟನೆ ಆರಿಸಿಕೊಂಡು, ಕಾದಾಡುವ ಎರಡೂ ದೇಶಗಳ ಇಂಗ್ಲಿಷ್ ಸುದ್ದಿಯನ್ನು ಅಕ್ಕಪಕ್ಕ ಇಟ್ಟು ಓದಿ. ಒಬ್ಬರ ‘ಲಿಬರೇಟೆಡ್’ ಇನ್ನೊಬ್ಬರಿಗೆ ‘ಆಕ್ಯುಪೈಡ್’ ಆಗಿರುತ್ತದೆ. ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದರ ಕ್ರಿಯಾಪದದ ಜೊತೆ ಬರೆದುಕೊಳ್ಳಿ: ಮುತ್ತಿಗೆಗೆ ‘ಲೇ’, ನಿರ್ಬಂಧಕ್ಕೆ ‘ಇಂಪೋಸ್’, ಮಧ್ಯಸ್ಥರು ಕುದುರಿಸುವ ಕದನವಿರಾಮಕ್ಕೆ ‘ಬ್ರೋಕರ್’. ದಿನಕ್ಕೆ ಎರಡು ಮೂರು ಸಾಕು.

ಗಟ್ಟಿಯಾಗಿ ಓದಿ ಎಂದೂ ಹೇಳುತ್ತೇನೆ, ಏಕೆಂದರೆ ಸೇನೆಯ ಪದಗಳಲ್ಲಿ ಕಾಗುಣಿತ ಒಂದು, ಉಚ್ಚಾರ ಇನ್ನೊಂದು. ಕ್ಷಿಪ್ರಕ್ರಾಂತಿಯ ‘ಕೂ’ದಲ್ಲಿ ಕೊನೆಯ ‘ಪ್’ ಮೂಕ. ‘ಕರ್ನಲ್’ನಲ್ಲಿ ನಾವು ಆಡುವ ‘ರ್’ ಬರಹದಲ್ಲೇ ಇಲ್ಲ; ಇಟಲಿಯವರಿಂದ ಅಕ್ಷರ, ಫ್ರೆಂಚರಿಂದ ಉಚ್ಚಾರ ತೆಗೆದುಕೊಂಡದ್ದರ ಫಲ. ಸೇನಾದಳದ ‘ಕೋರ್’ ಪದವನ್ನು ಬರೆದಂತೆ ಓದಿದರೆ ಹೆಣ ಎಂಬರ್ಥದ ‘ಕಾರ್ಪ್ಸ್’ ಆಗಿಬಿಡುತ್ತದೆ. ಹೀಗೆ ತಪ್ಪಿದರೆ ನಾಚಿಕೆ ಬೇಡ. 2010ರಲ್ಲಿ ನೌಕಾದಳದ ವೈದ್ಯ ಸಹಾಯಕನೊಬ್ಬನನ್ನು ಹೊಗಳುತ್ತಾ ‘ಕೋರ್‌ಮನ್’ ಎನ್ನುವ ಬದಲು ‘ಕಾರ್ಪ್ಸ್‌ಮನ್’ ಎಂದು ಮೈಕಿನ ಮುಂದೆ ಓದಿದವರು ಅಮೆರಿಕದ ಸೇನೆಗಳ ಮಹಾದಂಡನಾಯಕ, ಅಧ್ಯಕ್ಷ ಒಬಾಮ.