ಮಾರದ ಷೇರಿನ ಲಾಭ ಮತ್ತು ಮೂರನೆಯ ಹಂತದ ಬೆಲೆ

ವಾರ್ಷಿಕ ವರದಿಗಳು ಷೇರುದಾರರ ಕೈ ಸೇರುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ಹುಬ್ಬಳ್ಳಿಯ ನಮ್ಮ ಲೆಕ್ಕಪರಿಶೋಧನಾ ಕಚೇರಿಗೆ ಬರುವ ಪರಿಚಿತರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಕಂಪನಿಯವ್ರು ಮಾರಲಾರದ ಷೇರಿಗೆ ಲಾಭ ಹೆಂಗ ಬಂತ್ರಿ, ಸರ?" ಲಾಭ-ನಷ್ಟ ಖಾತೆಯಲ್ಲಿ "ಹೂಡಿಕೆಗಳ ನ್ಯಾಯೋಚಿತ ಮೌಲ್ಯದಲ್ಲಿ ಹೆಚ್ಚಳ" ಎಂಬ ಸಾಲನ್ನು ನೋಡಿದ ಯಾರಿಗಾದರೂ ಹುಟ್ಟಲೇಬೇಕಾದ ಸಂಶಯವಿದು.

ನಮ್ಮ ದೇಶದ ದೊಡ್ಡ ಕಂಪನಿಗಳು 2016ರ ಏಪ್ರಿಲ್ 1ರಿಂದ ಹಂತಹಂತವಾಗಿ ಇಂಡ್ ಎಎಸ್ (ಭಾರತೀಯ ಲೆಕ್ಕಪತ್ರ ಮಾನದಂಡಗಳು) ಲೆಕ್ಕಪದ್ಧತಿಗೆ ಬಂದವು. ಅದರ 113ನೆಯ ಮಾನದಂಡದ ಪ್ರಕಾರ, ಅಳತೆಯ ದಿನದಂದು ಮಾರುಕಟ್ಟೆಯಲ್ಲಿ ವ್ಯವಹರಿಸುವವರ ನಡುವೆ, ಯಾರ ಬಲವಂತವೂ ಇಲ್ಲದೆ ಕ್ರಮಬದ್ಧವಾಗಿ ನಡೆಯುವ ವಹಿವಾಟಿನಲ್ಲಿ, ಒಂದು ಆಸ್ತಿಯನ್ನು ಮಾರಿದರೆ ಕೈಗೆ ಬರುವ ಅಥವಾ ಒಂದು ಹೊಣೆಯನ್ನು ಬೇರೆಯವರಿಗೆ ವರ್ಗಾಯಿಸಲು ತೆರಬೇಕಾದ ಬೆಲೆಯೇ ಅದರ ಫೇರ್ ವ್ಯಾಲ್ಯೂ, ಅಂದರೆ ನ್ಯಾಯೋಚಿತ ಮೌಲ್ಯ. ಕೊಂಡಾಗ ಎಷ್ಟು ಕೊಟ್ಟಿದ್ದೆವು ಎಂಬುದಾಗಲಿ, ಇನ್ನು ಹತ್ತು ವರ್ಷ ಮಾರುವುದೇ ಇಲ್ಲ ಎಂಬ ಸಂಕಲ್ಪವಾಗಲಿ ಈ ಅಳತೆಯನ್ನು ಬದಲಿಸುವುದಿಲ್ಲ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಡಬ್ಬಿ ತಳಿಯ ಮೆಣಸಿನಕಾಯಿಯ ಚೀಲಗಳನ್ನಿಟ್ಟು, ದರ ಏರುವವರೆಗೂ ಮಾರೆನೆಂದು ಕಾಯುವ ರೈತನ ಸರಕಿಗೂ ಮಾರುಕಟ್ಟೆಯ ಟೆಂಡರಿನಲ್ಲಿ ಇಂದು ನಿಂತ ದರವೇ ಇಂದಿನ ಬೆಲೆ. ಕಾಯುವುದು ಅವನ ನಿರ್ಧಾರ, ಅದು ಸರಕಿನ ಗುಣವಲ್ಲ.

ಷೇರು, ಬಾಂಡು, ಸಾಲಗಳಂಥ ಹಣಕಾಸು ಸಾಧನಗಳೆಲ್ಲವೂ ಹೀಗೆ ಖಾತೆಗೆ ಏರುವುದಿಲ್ಲ. ಅಸಲು-ಬಡ್ಡಿಯನ್ನಷ್ಟೇ ವಸೂಲು ಮಾಡಿಕೊಳ್ಳಲು ಇಟ್ಟುಕೊಂಡ ಸಾಲ, ಬಾಂಡುಗಳು ಕೊಂಡ ಬೆಲೆಯನ್ನು ಆಧರಿಸಿದ ಬೇರೊಂದು ಲೆಕ್ಕದಲ್ಲಿ ಉಳಿಯುತ್ತವೆ; ಅವುಗಳ ಫೇರ್ ವ್ಯಾಲ್ಯೂವನ್ನು ಟಿಪ್ಪಣಿಯಲ್ಲಿ ತಿಳಿಸಿದರೆ ಸಾಕು. ವ್ಯಾಪಾರಕ್ಕಾಗಿ ಕೊಳ್ಳದ ಷೇರುಗಳ ಏರಿಳಿತವನ್ನು ಲಾಭ-ನಷ್ಟದ ಅಂಕಿಗೆ ಸೇರಿಸದೆ "ಇತರೆ ಸಮಗ್ರ ಆದಾಯ"ದಲ್ಲಿ ತೋರಿಸುವ ಅವಕಾಶವೂ ಕಂಪನಿಗೆ ಇದೆ, ಆದರೆ ಆ ಆಯ್ಕೆಯನ್ನು ಷೇರು ಕೊಂಡ ಮೊದಲ ದಿನವೇ ಮಾಡಬೇಕು. ಒಮ್ಮೆ ಮಾಡಿದರೆ ಮುಂದೆ ಷೇರನ್ನು ಮಾರಿದಾಗ ಬಂದ ಗಳಿಕೆಯೂ ಲಾಭ-ನಷ್ಟ ಖಾತೆಗೆ ಬರುವಂತಿಲ್ಲ.

ನಾನು ಎಲ್ಲರಿಗೂ ಹೇಳುವುದು ಇಷ್ಟು: ಮೌಲ್ಯದ ಅಂಕಿಯನ್ನು ನೋಡುವ ಮೊದಲು ಮಾನದಂಡ ಗುರುತಿಸುವ ಮೂರು ಹಂತಗಳಲ್ಲಿ ಅದು ಯಾವ ಹಂತದ್ದು ಎಂದು ನೋಡಿ. ಎನ್‌ಎಸ್‌ಇ ಷೇರುಪೇಟೆಯಲ್ಲಿ ದಿನವೂ ಕೈಬದಲಾಗುವ ಷೇರಿನ ದರ ಮೊದಲನೆಯ ಹಂತಕ್ಕೆ ಸೇರುತ್ತದೆ, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಅದೇ ಸಾಧನಕ್ಕೆ ಅಂಥ ದರ ಸಿಗದಿದ್ದರೂ ಬಡ್ಡಿದರ, ವಿದೇಶಿ ವಿನಿಮಯ ದರ, ಅಂಥದ್ದೇ ಬಾಂಡುಗಳ ಇಳುವರಿ ಮುಂತಾಗಿ ಮಾರುಕಟ್ಟೆಯಲ್ಲಿ ಕಾಣಸಿಗುವ ಅಂಶಗಳಿಂದ ಲೆಕ್ಕ ಹಾಕಿದ್ದು ಎರಡನೆಯದು. ಮೂರನೆಯ ಹಂತದಲ್ಲಿ ಮುಖ್ಯವಾದ ಅಂಶಗಳೇ ಹೊರಗೆ ಎಲ್ಲೂ ಕಾಣುವುದಿಲ್ಲ. ಅವು ಕಂಪನಿಯ ಸ್ವಂತ ಅಂದಾಜುಗಳು. ಹಲವು ಅಂಶಗಳು ಬೆರೆತಿದ್ದರೆ, ಫಲಿತಾಂಶದ ಮೇಲೆ ಗಣನೀಯ ಪರಿಣಾಮ ಬೀರುವ ಅಂಶಗಳಲ್ಲಿ ಅತಿ ಕೆಳಗಿನದು ಯಾವ ಹಂತದ್ದೋ ಇಡೀ ಮೌಲ್ಯವೂ ಆ ಹಂತಕ್ಕೇ ಸೇರುತ್ತದೆ (ಮೂರನೆಯದೇ ಎಲ್ಲಕ್ಕಿಂತ ಕೆಳಗಿನದು).

ಈ ಅಂದಾಜು ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯಲು ಪೆನ್ನು ಹಿಡಿದು ಒಂದು ಲೆಕ್ಕ ಮಾಡಿ ನೋಡಬೇಕು. ಷೇರುಪೇಟೆಯಲ್ಲಿ ನೋಂದಣಿಯಾಗದ ಒಂದು ಕಂಪನಿ ಮುಂದಿನ ವರ್ಷ ₹10 ಕೋಟಿ ನಗದು ಗಳಿಸುತ್ತದೆ, ಆ ಗಳಿಕೆ ವರ್ಷಕ್ಕೆ ಶೇ. 4ರಂತೆ ಬೆಳೆಯುತ್ತಲೇ ಇರುತ್ತದೆ, ಹೂಡಿಕೆದಾರರು ಅದರಿಂದ ಶೇ. 12 ಪ್ರತಿಫಲ ಬಯಸುತ್ತಾರೆ ಎಂದುಕೊಳ್ಳೋಣ. 10 ಕೋಟಿಯನ್ನು ಈ ಎರಡು ದರಗಳ ವ್ಯತ್ಯಾಸವಾದ ಶೇ. 8ರಿಂದ ಭಾಗಿಸಿದರೆ ಬರುವ ಮೌಲ್ಯ ₹125 ಕೋಟಿ. ಪ್ರತಿಫಲ ಶೇ. 13, ಬೆಳವಣಿಗೆ ಶೇ. 3 ಎಂದು ಹಿಡಿದರೆ ಅದು ₹100 ಕೋಟಿಗೆ ಇಳಿಯುತ್ತದೆ, ಶೇ. 11 ಮತ್ತು ಶೇ. 5 ಎಂದು ಹಿಡಿದರೆ ಸುಮಾರು ₹167 ಕೋಟಿಗೆ ಏರುತ್ತದೆ. ಮೂರೂ ಅಂದಾಜುಗಳನ್ನು ಒಬ್ಬ ಪ್ರಾಮಾಣಿಕ ಮೌಲ್ಯಮಾಪಕ ಸಮರ್ಥಿಸಬಲ್ಲ. ಮುಂದಿನ ವರ್ಷದ ಗಳಿಕೆ ಒಂದು ರೂಪಾಯಿಯೂ ಬದಲಾಗದೆ, ಎರಡು ದರಗಳಲ್ಲಿ ಶೇಕಡಾ ಒಂದೊಂದರ ಹೆಚ್ಚುಕಡಿಮೆಯಿಂದಲೇ ₹67 ಕೋಟಿಯ ಅಂತರ ಬಿದ್ದಿದೆ.

ಆದ್ದರಿಂದಲೇ ಮಾನದಂಡ ಮೂರನೆಯ ಹಂತದ ಬಗ್ಗೆ ಹೆಚ್ಚು ವಿವರ ಕೇಳುತ್ತದೆ: ವರ್ಷಾರಂಭದ ಮೌಲ್ಯದಿಂದ ವರ್ಷಾಂತ್ಯದ ಮೌಲ್ಯಕ್ಕೆ ಬಂದ ದಾರಿ, ಬಳಸಿದ ವಿಧಾನ, ಹಿಡಿದ ದರಗಳು, ಆ ದರಗಳು ಬದಲಾದರೆ ಮೌಲ್ಯ ಎಷ್ಟು ಬದಲಾದೀತು ಎಂಬ ಲೆಕ್ಕ. ನಾನು ಓದಿದ ಒಂದು ಕಂಪನಿಯ ವರದಿಯಲ್ಲಿ ಇದೆಲ್ಲದರ ಜಾಗದಲ್ಲಿ "ಆಡಳಿತ ವರ್ಗದ ಸೂಕ್ತ ಅಂದಾಜುಗಳನ್ನು ಆಧರಿಸಿದೆ" ಎಂಬ ಒಂದೇ ವಾಕ್ಯವಿತ್ತು. ಅದರಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಅಂದಾಜು ಮಾಡಿದ್ದು ತಪ್ಪಲ್ಲ, ಯಾವ ಅಂದಾಜು ಎಂದು ಹೇಳದಿರುವುದು ದೊಡ್ಡ ತಪ್ಪು ಎಂದೇ ನಾನು ಭಾವಿಸುತ್ತೇನೆ.

ಟಿಪ್ಪಣಿಯನ್ನು ಓದದಿದ್ದರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಉದಾಹರಣೆ ಸಾಕು. ಮುಕ್ತಾಯದವರೆಗೂ ಇಟ್ಟುಕೊಳ್ಳುತ್ತೇವೆಂದು ಅದು ವರ್ಗೀಕರಿಸಿದ್ದ ಬಾಂಡುಗಳು 2022ರ ಕೊನೆಗೆ ಆಸ್ತಿ-ಹೊಣೆ ಪಟ್ಟಿಯಲ್ಲಿ ಸುಮಾರು 9,130 ಕೋಟಿ ಡಾಲರಿನಷ್ಟಿದ್ದವು. ಅವುಗಳ ಫೇರ್ ವ್ಯಾಲ್ಯೂ ಸುಮಾರು 7,620 ಕೋಟಿ ಡಾಲರ್ ಮಾತ್ರ. ಬ್ಯಾಂಕಿನ ಸ್ವಂತ ಬಂಡವಾಳವನ್ನು ಬಹುಮಟ್ಟಿಗೆ ನುಂಗಿಹಾಕುವಷ್ಟಿದ್ದ ಈ ಅಂತರ ಪ್ರಕಟಿತ ಲೆಕ್ಕಪತ್ರದಲ್ಲೇ ಇತ್ತು. 2023ರ ಮಾರ್ಚ್ 10ರಂದು ಬ್ಯಾಂಕನ್ನು ಮುಚ್ಚಲಾಯಿತು.

ಇನ್ನು ಮಾರದ ಷೇರಿನ ಲಾಭದಿಂದ ಷೇರುದಾರರಿಗೆ ಡಿವಿಡೆಂಡ್ (ಲಾಭಾಂಶ) ಬರುತ್ತದೆಯೇ ಎಂಬ ಮಾತು. ಕಂಪನಿ ಕಾಯಿದೆಯ 123ನೆಯ ಕಲಮು, 2017ರ ತಿದ್ದುಪಡಿಯ ನಂತರ, ಡಿವಿಡೆಂಡಿಗಾಗಿ ಲಾಭವನ್ನು ಲೆಕ್ಕ ಹಾಕುವಾಗ ಕೈಗೆ ಬಾರದ ಇಂಥ ಗಳಿಕೆಗಳನ್ನು ಬಿಟ್ಟುಬಿಡಬೇಕೆಂದು ಹೇಳುತ್ತದೆ. 2024ರ ಏಪ್ರಿಲ್ 1ರಿಂದ ವಾಣಿಜ್ಯ ಬ್ಯಾಂಕುಗಳಿಗೆ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನ ಮೂರನೆಯ ಹಂತದ ಸಾಧನಗಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ: ಅವುಗಳಿಂದ ತೋರಿಸಿದ ನಿವ್ವಳ ಗಳಿಕೆ ಕೈಗೆ ಬಂದಿರದಿದ್ದರೆ, ಅದರಿಂದ ಡಿವಿಡೆಂಡ್ ಕೊಡುವಂತಿಲ್ಲ, ಅದನ್ನು ಬ್ಯಾಂಕಿನ ಮೂಲ ಬಂಡವಾಳದಿಂದಲೂ ಕಳೆಯಬೇಕು.